ಎಡಗೈಯ ಬಣ್ಣ

ಆ ಹುಡುಗಿಯ ಎಡಗೈಗೆ ಬಣ್ಣ ಇರಲಿಲ್ಲ. ಉಳಿದ ಮೈಯೆಲ್ಲ ಗಾಢ ಕಂದು. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತ ಅವಳೂ ಅವಳ ಅಜ್ಜಿಯೂ ನನ್ನ ಪಕ್ಕ ಕೂತಿದ್ದರು.

“ಮದ್ವೆಗಿರೋ ಎಣ್ಣು ಅರಿಸಿನ ಬುಟ್ಟು ಕಪ್ಪು ಬಳ್ಕೊಂಡವ್ಳಲ್ಲ ಅಂತ, ನೀ ಮಲ್ಗಿದ್ದಾಗ ಒದ್ದೆ ಬಟ್ಟೇಲಿ ಒರುಸ್ದೆ ಕಣಮ್ಮಿ.”

“ಇದು ಬಾಡಿಬಿಲ್ಡಿಂಗ್‌ನ ಫಿಗರ್ ಸ್ಪರ್ಧೆ ಕಣಜ್ಜಿ. ಲೈಟ್ ಬಿದ್ದಾಗ ಮೈಕಟ್ಟು ಕಾಣ್ಲಿ ಅಂತ ಬಳಿಯೋದು. ಈ ತೋಳು ಹಿಂಗಿದ್ರೆ ನಾನು ಸೋತಂಗೇ.”

“ಕಬಡ್ಡಿ ಆಡ್ವಾಗ, ನಾಲೇಲಿ ಈಜ್ವಾಗ ಯಾವ ಬಣ್ಣ ಇತ್ತು?”

“ಆಗ ಓಡಿ ಗೆದ್ದೆ. ಇವತ್ತು ನಿಂತ್ಕಂಡು ಗೆಲ್ಬೇಕು. ನೋಡಿಲ್ಲಿ.”

ಅವಳು ಎಡಗೈ ಮಡಚಿ ಬಿಗಿದಳು. ಎದುರಿಗಿದ್ದ ಕಂಡಕ್ಟರ್ ಟೀ ಕುಡಿಯುವುದನ್ನು ಮರೆತ.

“ಅಯ್ಯೋ ಕೂಸೇ, ಇದು ನಿಮ್ ತಾತನ ತೋಳು. ಬಣ್ಣ ಮಿಕ್ಕದಾ?”

“ಚೀಲದಲ್ಲಿ ಅದೆ. ಬಸ್ಸು ಬಂತು, ಮಂಡ್ಯದಲ್ಲಿ ಬಳ್ಕೊತೀನಿ.”

“ಓದ್ರೆ ಓಗ್ಲಿ ಬುಡು, ಇನ್ನೊಂದು ಬತ್ತದೆ. ಗೋಡೆಗೆ ಸುಣ್ಣ ಬಳ್ದಿರೋ ಕೈ ಇದು, ಒಂದು ಗೆರೆ ಬರಾಕಿಲ್ಲ. ನೀಡು ತೋಳ.”

ಅಜ್ಜಿ ಸೆರಗಿನ ತುದಿಯನ್ನು ಬಣ್ಣಕ್ಕೆ ಅದ್ದಿದಳು.

ಮುಂದಿನ ಬಸ್ಸನ್ನು ಇಬ್ಬರೂ ನಗುತ್ತ ಹತ್ತಿದರು. ಕಳೆದದ್ದು ಒಂದು ಬಸ್ಸು, ಒಂದು ಒಳ್ಳೆಯ ಸೀರೆ.