ಮೂರನೇ ಡಮ್ಮಿ

ನಗೋರು ಈಗಲೇ ನಕ್ಕು ಮುಗಿಸಿಬಿಡಿ. ನಡುವೆ ಬಾಯಿ ಹಾಕಿದರೆ ಎದ್ದು ಹೋಗ್ತೀನಿ. ಇದು ಯಾರೋ ಕಟ್ಟಿದ ಕತೆಯಲ್ಲ. ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು.

ಅಣ್ಣ ಲಾರಿ ಮೆಕ್ಯಾನಿಕ್. ಕಣ್ಣಿಗಿಂತ ಬೆರಳನ್ನೇ ಹೆಚ್ಚು ನಂಬುವವನು. ಎಂಜಿನ್ನಿನ ಯಾವ ತೂತಾದರೂ ಸರಿ, ಬಲಗೈ ತೋರುಬೆರಳು ಒಳಗೆ ಬಿಟ್ಟು ಒಂದು ಸುತ್ತು ಸವರದೆ ಮುಚ್ಚುತ್ತಿರಲಿಲ್ಲ. "ಸಂಬಳ ನಿಮ್ಮ ಬೆರಳಿಗೆ ಕೊಡಬೇಕು, ನಿಮಗಲ್ಲ" ಅಂತ ಅತ್ತಿಗೆ ರೇಗಿಸುತ್ತಿದ್ದಳು. ಸುಳ್ಳೇನಲ್ಲ. ಆ ಬೆರಳಿಂದಲೇ ಮನೆಯ ಒಲೆ ಉರಿಯುತ್ತಿತ್ತು.

ಅವತ್ತು ಶೆಡ್ಡಿನ ಬಾಗಿಲು ಹಾಕಿ, ಚೀಲ ಹೆಗಲಿಗೇರಿಸಿ ನಡೆದು ಬರುತ್ತಿದ್ದ. ಆಗತಾನೇ ಕತ್ತಲಾಗಿತ್ತು. ಆಲದ ಮರದ ಹತ್ತಿರ... ತೊಟ್. ತೊಟ್. ತೊಟ್. ಹಳೇ ಲಾರಿಯೊಂದು ನಿಂತಿತ್ತು. ಎಂಜಿನ್ನಿಂದ ಹಬೆ, ಕೆಳಗೆ ನೀರು.

ಡ್ರೈವರ್ ಹತ್ತಿರ ಬಂದು ಪಿಸುಗುಟ್ಟಿದ.

"ಅಣ್ಣಾ, ನೀರು ನಿಲ್ತಿಲ್ಲ. ಡಮ್ಮಿ ಸೋರ್ತಿದೆ. ಹೊಸದು ನನ್ ಹತ್ರ ಇದೆ, ಇಲ್ಲೇ ಹಾಕಿಕೊಡು."

"ಬೆಳಗ್ಗೆ ಶೆಡ್ಡಿಗೆ ತಗೊಂಡು ಬಾರಯ್ಯ."

"ಬೇಡ... ಅಲ್ಲಿ ಜನ ಇರ್ತಾರೆ."

ಎಂಜಿನ್ನಿನ ಪಕ್ಕೆಯಲ್ಲಿ ಬಟ್ಟಲಿನಂಥ ತಗಡಿನ ಬಿಲ್ಲೆಗಳು ಸಾಲಾಗಿರುತ್ತವೆ. ಅವೇ ಡಮ್ಮಿ. ಒಳಗಿನ ನೀರು ಹೊರಗೆ ಬರದಂತೆ ತಡೆಯುತ್ತವೆ. ಈ ಲಾರಿಯಲ್ಲಿ ಮೂರನೆಯದರ ಅಂಚು ಸೋರುತ್ತಿತ್ತು. ಪುಣ್ಯಾತ್ಮ ಅದಕ್ಕೆ ಸೋಪು ಮೆತ್ತಿದ್ದ.

"ಎಷ್ಟು ಸಲ ಬದಲಾಯಿಸಿದೀಯ?"

"ಮೂರು ತಿಂಗಳಲ್ಲಿ ನಾಲ್ಕು ಸಲ. ಒಳಗಿಂದ ಯಾರೋ ಒದ್ದ ಹಾಗೆ ಕಿತ್ತು ಬರುತ್ತೆ."

ಎಂಜಿನ್ ಆರುವವರೆಗೆ ಕಾದರು. ಡ್ರೈವರ್ ಟಾರ್ಚ್ ಹಿಡಿದ. ಅಣ್ಣ ಬಿಲ್ಲೆಯ ಅಂಚಿಗೆ ಪಂಚ್ ಅನ್ನೋ ಕಬ್ಬಿಣದ ಕಡ್ಡಿಯಿಟ್ಟು ಸುತ್ತಿಗೆಯಿಂದ ಕೊಟ್ಟ. ಟಣ್. ಟಣ್. ಬಿಲ್ಲೆ ವಾಲಿತು. ಇಕ್ಕಳದಿಂದ ಎಳೆದ. ಗೊಳಗೊಳ ಅಂತ ಕೆಂಪು ನೀರು ಸುರಿದು ಖಾಲಿಯಾಯಿತು. ತುಕ್ಕು ನೀರು ಕೆಂಪಗೇ ಇರುತ್ತೆ, ಅದಕ್ಕೆ ಹೆದರಬೇಕಿಲ್ಲ.

ಆಮೇಲೆ ಅಭ್ಯಾಸಬಲ. ಬೆರಳು ಒಳಗೆ ಬಿಟ್ಟ.

ತುಕ್ಕು... ಕೆಸರು... ಆಮೇಲೆ ಏನೋ ಮೆತ್ತಗೆ. ಬೆಚ್ಚಗೆ. ಅದು ಅಲುಗಿತು.

ಕಟಕ್!

ಬೆರಳಿನ ಬುಡಕ್ಕೆ ಹಲ್ಲು ನಾಟಿದವು. ಮೇಲೊಂದು ಸಾಲು, ಕೆಳಗೊಂದು ಸಾಲು. ಅಣ್ಣ ಕಿರುಚಿದ. ಚಕ್ರಕ್ಕೆ ಕಾಲು ಕೊಟ್ಟು ಎಳೆದ. ಚರ್ಮ ಸುಲಿದು ಬಂತು, ಬೆರಳು ಬರಲಿಲ್ಲ. ರಕ್ತ ಮೊಣಕೈವರೆಗೆ ಇಳಿಯಿತು. ಆಗ ಒಳಗಿಂದ, ಗಂಟಲ ತುಂಬ ನೀರಿರುವವನ ದನಿ...

"ನನ್ನ ಎಲ್ಲಿ ಹೂತ ಅಂತ ಅವನ ಬಾಯಲ್ಲೇ ಹೇಳಿಸು... ಬಿಡ್ತೀನಿ."

ಬಾಯಲ್ಲಿ ಬೆರಳಿಟ್ಟುಕೊಂಡು ಹೇಗೆ ಮಾತಾಡಿತು ಅಂತ ಕೇಳಬೇಡಿ. ಮಾತಾಡಿತು.

ಡ್ರೈವರಿಗೆ ಆ ದನಿ ಗೊತ್ತಿತ್ತು. ಒಂದು ಹೆಜ್ಜೆ ಹಿಂದೆ ಸರಿದ.

"ಯಾರನ್ನು ಹೂತೆಯೋ? ಹೇಳಿಬಿಡೋ! ಬೆರಳು ಹೋದ್ರೆ ನಾನು ಬದುಕೋದು ಹೇಗೋ!"

"ನಾನ್ಯಾರನ್ನೂ ಹೂತಿಲ್ಲ!"

ಹಲ್ಲು ಇನ್ನೂ ಬಿಗಿಯಿತು. ಮೂಳೆ ಕಿರ್ ಎಂದಿತು. ಡ್ರೈವರ್ ಅಣ್ಣನ ಚೀಲಕ್ಕೆ ಕೈ ಹಾಕಿ ಕಬ್ಬಿಣ ಕಡಿಯುವ ಉಳಿ ತೆಗೆದ.

"ಕತ್ತರಿಸಿಬಿಡ್ತೀನಿ."

"ಬೇಡವೋ! ಒಂದು ಮಾತು ಹೇಳಿದ್ರೆ ಸಾಕಲ್ಲೋ!"

ಅಣ್ಣ ಅವನ ಎದೆಗೆ ಒದ್ದ. ಅವನು ಅಣ್ಣನ ಬಾಯಿಗೆ ಗುದ್ದಿದ, ತುಟಿ ಹರಿಯಿತು. ಭುಜದ ಮೇಲೆ ಮಂಡಿಯೂರಿ, ಬೆರಳಿಗೆ ಉಳಿಯಿಟ್ಟು, ಸುತ್ತಿಗೆ ಎತ್ತಿದ. ಎತ್ತಿದವನು ತೂತನ್ನು ನೋಡಿ ಅರಚಿದ.

"ಇಟ್ಟಿಗೆ ಗೂಡಿನ ಹಿಂದೆ ಕಣೋ! ಅಲ್ಲೇ ಹೂತಿದ್ದೀನಿ! ಸಾಯಿ! ಇನ್ನೊಂದು ಸಲ ಸಾಯಿ!"

ಹಲ್ಲು ಸಡಿಲವಾಯಿತು. ಅಣ್ಣ ಇವತ್ತಿಗೂ ಆಣೆ ಮಾಡಿ ಹೇಳ್ತಾನೆ, ಸಡಿಲವಾಯಿತು. ಆದರೆ ಸುತ್ತಿಗೆ ಆಗಲೇ ಇಳಿದಿತ್ತು.

ಡ್ರೈವರ್ ತೂತು ಮುಚ್ಚದೆಯೇ ಲಾರಿ ಓಡಿಸಿಕೊಂಡು ಹೋದ. ನೀರಿಲ್ಲದ ಎಂಜಿನ್ ಎಷ್ಟು ದೂರ ಹೋದೀತು? ಎರಡು ಮೈಲಿಗೆ ಜಾಮ್ ಆಗಿ ನಿಂತಿತು. ಅಣ್ಣನ ಕೂಗಿಗೆ ಓಡಿಬಂದವರು ಅವನನ್ನು ಆಸ್ಪತ್ರೆಗೆ ಸೇರಿಸಿ ಪೊಲೀಸರಿಗೆ ತಿಳಿಸಿದ್ದರು, ಪೊಲೀಸರು ಡ್ರೈವರನ್ನು ಅಲ್ಲೇ ಹಿಡಿದರು.

"ಬೆರಳು ಸಿಕ್ಕರೆ ಹೊಲಿದು ನೋಡಬಹುದು" ಅಂದರು ಡಾಕ್ಟರು. ನಾನೇ ಓಡಿದೆ. ಆ ಎಂಜಿನ್ನಿನ ಡಮ್ಮಿಗಳನ್ನೆಲ್ಲ ಕಿತ್ತು ಒಳಗೆ ನೀರು ಹಾಯಿಸಿದೆ. ತುಕ್ಕು ಬಂತು, ಕೆಸರು ಬಂತು. ಬೆರಳು ಬರಲಿಲ್ಲ. ಕೂತು ಅತ್ತುಬಿಟ್ಟೆ.

ಬೆಳಗ್ಗೆ ಗೂಡಿನ ಹಿಂದೆ ಅಗೆದರು. ನಾನೂ ಹೋಗಿದ್ದೆ. ಗುಂಡಿಯ ಮೇಲೆ ಮೊಣಕಾಲುದ್ದ ಹುಲ್ಲು ಬೆಳೆದಿತ್ತು, ಒಂದು ಗರಿಯೂ ಮುರಿದಿರಲಿಲ್ಲ. ಕೆಳಗೆ ಮೂರು ತಿಂಗಳ ಹೆಣ. ಡ್ರೈವರಿನ ಜೊತೆ ಅದೇ ಲಾರಿ ಓಡಿಸುತ್ತಿದ್ದವನದು. ತಲೆ ಒಡೆದಿತ್ತು, ಮುಖದ ಮಾಂಸ ಕರಗಿತ್ತು, ಹಲ್ಲು ಮಾತ್ರ ಬಿಗಿಯಾಗಿ ಕಚ್ಚಿಕೊಂಡಿದ್ದವು. ಪೇದೆಯೊಬ್ಬ ಕೋಲಿನಿಂದ ಬಿಡಿಸಿದ.

ನಡುವೆ ಒಂದು ಬೆರಳು. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು.

ಹೊಲಿಯೋಕೆ ಆಗಲಿಲ್ಲ, ಹೊತ್ತು ಮೀರಿತು ಅಂದರು ಡಾಕ್ಟರು. ನೀವು ನಂಬಿ, ಬಿಡಿ. ಅದನ್ನು ಕರವಸ್ತ್ರದಲ್ಲಿ ಸುತ್ತಿ ಆಸ್ಪತ್ರೆಗೆ ತಂದವನು ನಾನು. ದಾರಿಯುದ್ದಕ್ಕೂ ಅಂಗೈಯಲ್ಲೇ ಹಿಡಿದಿದ್ದೆ... ಬೆಚ್ಚಗಿತ್ತು.