ಇನ್ನೂ ಸ್ವಲ್ಪ ಬಲಕ್ಕೆ

ಒಲೆಗೆ ಇನ್ನೊಂದು ಕೊರಡು ಹಾಕಿ ಹತ್ತಿರ ಬನ್ನಿ. ಇದು ನನ್ನ ಚಿಕ್ಕಪ್ಪನ ಮಗ ಅವ್ರಾಮನಿಗೆ ಆದದ್ದು. ಈ ಅಪುಸೇನಿ ಬೆಟ್ಟದಲ್ಲೇ, ನಮ್ಮ ಊರ ಬಾವಿ ಹತ್ತಿರವೇ.

ಅವನಿಗೆ ಚಳಿಗಾಲದ ಹುಚ್ಚು. ಹಿಮ ಬಿತ್ತೆಂದರೆ ಕ್ಯಾಮೆರಾ ಹೊತ್ತು ಬೆಟ್ಟ ಹತ್ತುತ್ತಿದ್ದ. ಹೆಂಡತಿ ಡೊಯಿನಾಳನ್ನೂ ಎಳೆದುಕೊಂಡು ಹೋಗುತ್ತಿದ್ದ.

"ಎಲ್ಲಾ ಬೆಳ್ಳಗಿದ್ರೆ ಮರ ಎಷ್ಟೆತ್ತರ ಅಂತ ನೋಡೋರಿಗೆ ತಿಳಿಯಲ್ಲ. ನೀನು ಕೆಳಗೆ ನಿಲ್ಲು."

"ನಾನೇನು ನಿನ್ನ ಹೆಂಡ್ತಿನೋ, ಅಳತೆಕೋಲೋ?"

ಚಳಿಗೆ ಕೈ ಕಂಕುಳಲ್ಲಿಟ್ಟು, ಬೈಯುತ್ತಲೇ ನಿಲ್ಲುತ್ತಿದ್ದಳು. ಕ್ಲಿಕ್ ಅಂದದ್ದೇ ತಡ, ಮನೆ ಕಡೆ ಓಟ.

ಒಂದು ವರ್ಷ ಎಲೆ ಉದುರುವ ಹೊತ್ತಿಗೆ ಡೊಯಿನಾ ಎದೆಯ ಕಾಯಿಲೆಯಲ್ಲಿ ಹೋಗಿಬಿಟ್ಟಳು. ಅವ್ರಾಮ ಕ್ಯಾಮೆರಾ ಮುಟ್ಟಲಿಲ್ಲ. ಕ್ರಿಸ್ಮಸ್ ಕಳೆದ ಮೇಲೆ ಒಂದು ದಿನ ಇಬ್ಬನಿ ಹೆಪ್ಪುಗಟ್ಟಿ, ಕಾಡಿನ ಒಂದೊಂದು ಕಡ್ಡಿಯೂ ಬೆಳ್ಳಗಾಯಿತು. ತಡೆಯಲಾರದೆ ಹೋದ. ದಿನವಿಡೀ ಅಲೆದು, ಒಂದು ಚಿತ್ರವನ್ನೂ ತೆಗೆಯದೆ, ಕತ್ತಲು ಕವಿಯುವಾಗ ವಾಪಸ್ ಹೊರಟ.

ಬಾವಿ ದಾಟಿದ. ಹಿಂದೆ... ಕರುಕ್... ಕರುಕ್... ಹಿಮ ತುಳಿಯುವ ಸದ್ದು. ಇವನು ನಿಂತ. ಅದೂ ನಿಂತಿತು.

ಬಾವಿ ಪಕ್ಕದ ಓಕ್ ಮರದ ಕೆಳಗಿಂದ ಪಿಸುದನಿ.

"ಇಲ್ಲೇ ನಿಲ್ಲಲಾ?"

ಆ ದನಿ ಯಾರದೆಂದು ಅವನು ಕೇಳಲಿಲ್ಲ. ಮೂರು ಕಾಲಿನ ಸ್ಟ್ಯಾಂಡ್ ಬಿಚ್ಚಿದ. ಟಕ್... ಟಕ್... ಟಕ್. ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ. ಮರದ ಕೆಳಗೆ ಅವಳಿದ್ದಳು, ಅದೇ ನಿಲುವು, ಕೈ ಕಂಕುಳಲ್ಲಿ.

ಬೆರಳು ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಒತ್ತಿದರೆ ಹೊರಟುಹೋಗುತ್ತಾಳೆ, ಅವನಿಗೆ ಗೊತ್ತು.

"ಇನ್ನೂ ಸ್ವಲ್ಪ ಬಲಕ್ಕೆ" ಅಂದ.

ಕರುಕ್.

"ಸಾಕಾ?"

"ಇಲ್ಲ... ಇನ್ನೂ ಸ್ವಲ್ಪ."

ಕರುಕ್.

"ಈಗ?"

"ಇನ್ನೊಂಚೂರು, ಡೊಯಿನಾ..."

ಹೀಗೇ ಎಷ್ಟು ಹೊತ್ತೋ. ಬೆರಳುಗಳಲ್ಲಿ ಜೀವವಿಲ್ಲದಾಯಿತು. ಆದರೂ ಕದಲಲಿಲ್ಲ. ಕೊನೆಗೆ ಅವಳ ಹಲ್ಲು ಕಟಕಟ ಅನ್ನುವುದು ಕೇಳಿಸಿತು.

"ಅವ್ರಾಮ್... ತುಂಬಾ ಚಳಿ ಕಣೋ. ನನ್ನ ಕಳಿಸಿಬಿಡು."

ಅವನು ಅತ್ತ. ಅಳುತ್ತಲೇ ಒತ್ತಿದ.

ಕ್ಲಿಕ್.

ಇನ್ನೂ ಬರಲಿಲ್ಲವಲ್ಲ ಎಂದು ಟಾರ್ಚ್ ಹಿಡಿದು ಹುಡುಕಿಕೊಂಡು ಹೋದದ್ದು ನಾನೇ. ಸ್ಟ್ಯಾಂಡಿನ ಬುಡದಲ್ಲಿ ಕುಸಿದು ಕೂತಿದ್ದ. "ಚಳಿ ಅಂದ್ಲು... ನಾನೇ ನಿಲ್ಲಿಸಿಕೊಂಡೆ" ಅಂತ ಅದನ್ನೇ ಹೇಳುತ್ತಿದ್ದ. ಪ್ಲಮ್ ಸಾರಾಯಿ ಕುಡಿಸಿ, ಹೊತ್ತು ತಂದೆ. ಬಲಗೈಯ ಎರಡು ಬೆರಳು ಉಳಿಯಲಿಲ್ಲ. ಚಿತ್ರದಲ್ಲಿ ಬರೀ ಮರ, ಬರೀ ಹಿಮ.

ದುಃಖದಲ್ಲಿ ಏನೋ ಕಂಡ ಅನ್ನುತ್ತೀರಿ. ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಆ ರಾತ್ರಿ ಟಾರ್ಚ್ ಬೆಳಕು ಬಿಟ್ಟು ನೋಡಿದವನು ನಾನು. ಮರದ ಕೆಳಗೆ ಹೆಂಗಸಿನ ಪುಟ್ಟ ಹೆಜ್ಜೆಗಳು... ಒಂದರ ಪಕ್ಕ ಒಂದು, ಬಲಕ್ಕೇ ಸರಿದಿದ್ದವು. ಅಲ್ಲಿಗೆ ಬಂದ ಗುರುತಿಲ್ಲ, ಅಲ್ಲಿಂದ ಹೋದ ಗುರುತೂ ಇಲ್ಲ.