ಹತ್ತು ಕಾಳಿನಲ್ಲಿ ಮೂರು

ಹೊಸಪೇಟೆಯಿಂದ ದರೋಜಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯಾಕೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒದ್ದೆ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಮೈಯ ಕಾವಿಗೆ ಮೊಳಕೆ ಬರುತ್ತದೋ ಇಲ್ಲವೋ ನೋಡಲೆಂದು ಕಟ್ಟಿಕೊಂಡಿದ್ದ ಜೋಳದ ಕಾಳು.

“ಹತ್ತರಾಗ ಮೂರೇ ಮೊಳಕಿ ಒಡದಾವು, ರಮಾ.”

“ಮೂರು ದಿನಾ ಆತೇನಕ್ಕಾ?”

“ಇವತ್ತಿಗೆ ಮೂರು. ಮಳಿಗೆ ನನ್ನ ಮನಿ ಸೋರಿತಲ್ಲ, ಬೀಜದ ಗಡಿಗಿಗೆ ನೀರು ಹೊಕ್ಕೈತಿ.”

“ಊರಾಗ ಹೇಳೀಯೇನು?”

“ಹೆಂಗ ಹೇಳ್ಲಿ? ಹೋದ ವರ್ಷ ಅಂಗಡಿ ಬೀಜ ಹುಟ್ಟಲಿಲ್ಲ ಅಂತ ಎಲ್ಲಾರೂ ತಮ್ಮ ಬೀಜ ತಂದು ನನ್ನ ಕೈಯಾಗ ಇಟ್ರು. ಸೋಮವಾರ ಬಿತ್ತಾಕ ಒಯ್ಯಾಕ ಬರ್ತಾರ.”

“ಸುಮ್ಮನ ಕೊಟ್ಟುಬಿಟ್ರ?”

“ಹಂಗ ಅನಬ್ಯಾಡ ಲೇ. ಹೊಲ ಬರೇ ಮಣ್ಣಾಗಿ ನಿಂತ್ರ ಅವರ ಮಕ ಹೆಂಗ ನೋಡ್ಲಿ?”

ಹಿರಿಯಾಕೆ ಮೂರು ಮೊಳಕೆಗಳನ್ನು ಆರಿಸಿ ಅಂಗೈಯಲ್ಲಿಟ್ಟುಕೊಂಡಳು.

“ಅರ್ಧ ಬೀಜ ನಿಮ್ಮ ಮನ್ಯಾಗ ಇಟ್ಟಿದ್ದು ಭಾಳ ಚಲೋ ಆತು. ಅದನ್ನ ಎಲ್ಲಾರಿಗೂ ಹಂಚಿದ್ರಾತು. ನಿಮ್ಮನಿ ಸೋರಿಲ್ಲಲ್ಲ?”

ರಮಾಳ ಕೈ ತನ್ನ ಸೊಂಟಕ್ಕೆ ಹೋಯಿತು.

“ನೀನೂ ಕಟ್ಟೀಯೇನು?”

“ನೀ ಕಟ್ಟಿದ ದಿನಾನ ಕಟ್ಟೀನಿ.”

“ಮತ್ತ ಬಿಚ್ಚಿ ನೋಡು!”

“ಬ್ಯಾಡಕ್ಕಾ. ಬಿಚ್ಚೋತನಕ ಆದ್ರೂ ಊರಾಗ ಬೀಜ ಐತಿ ಅನ್ಕೊಂಡಿರ್ತೀನಿ.”

ಅವರ ಊರು ಬಂತು. ಹಿರಿಯಾಕೆ ಮೂರು ಮೊಳಕೆಗಳನ್ನು ಮುಷ್ಟಿಯಲ್ಲಿ ಹಿಡಿದು ಇಳಿದಳು. ಹಿಂದೆಯೇ ಇಳಿದ ರಮಾ ಸೊಂಟದ ಗಂಟಿನ ಮೇಲಿಟ್ಟ ಕೈಯನ್ನು ತೆಗೆಯಲೇ ಇಲ್ಲ.